ಐದನೇ ನಂಬರಿನ ಅಂಗಿ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕು ನನ್ನ ಹೆಂಡತಿಯ ಅಪ್ಪಣೆ. ಹೊರಡುವ ದಿನ ಬ್ಯಾಗಿನೊಳಗೆ ತುರುಕಿ, "ರೀ, ದಿನಾ ಫೋನ್ ಮಾಡಿ ಆಟಗಾರರನ್ನ ಬೈಬೇಡಿ. ನಂಗೆ ಅವರ ಮುಖಾನೂ ಗೊತ್ತಿಲ್ಲ. ಬೈಯೋದೆಲ್ಲ ಇದರಲ್ಲಿ ಬರೆದುಹಾಕಿ, ಫೋನಲ್ಲಿ ನನ್ನ ಊಟ ಆಯ್ತಾ ಅಂತ ಕೇಳಿ" ಎಂದಳು. ಆಗಲಿ. ಇಲ್ಲಿಯವರು ಅಂದದ್ದನ್ನೆಲ್ಲ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಇವರ ಭಾಷೆಯಲ್ಲಿ ಬೈದರೆ ನನಗೆ ಹೊಟ್ಟೆ ತಣ್ಣಗಾಗುವುದಿಲ್ಲ.

ಹೊರದೇಶದಲ್ಲಿ ಇದು ನನ್ನ ಮೂರನೆಯ ಕ್ಲಬ್ಬು. ಮೊದಲೆರಡು ಕಡೆ ನನ್ನನ್ನು ತೆಗೆದುಹಾಕಿದರು, ತಪ್ಪು ಅವರದು. ಇಲ್ಲಿ ಹದಿನಾಲ್ಕು ತಂಡಗಳಲ್ಲಿ ನಮ್ಮದು ಹದಿಮೂರನೆಯದು. ಕೊನೆಯ ಎರಡು ತಂಡಗಳನ್ನು ಕೆಳಗಿನ ಡಿವಿಷನ್ನಿಗೆ ಇಳಿಸುತ್ತಾರೆ. ಉಳಿದಿರುವುದು ಎಂಟೇ ಮ್ಯಾಚು. ತಂಡ ಇಳಿದರೆ ಅದೇ ದಿನ ನನ್ನ ಕರಾರೂ ಮುಗಿಯಿತು ಎಂದು ಬರೆಸಿಕೊಂಡಿದ್ದಾರೆ. ಮೂರು ಕಡೆ ತೆಗೆದ ಕೋಚನ್ನು ನಾಲ್ಕನೆಯವರು ಯಾರೂ ಕರೆಯುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ನನ್ನ ಕೋಣೆಯ ಬಾಗಿಲಲ್ಲಿ ಹಳೆಯ ಕೋಚಿನ ಹೆಸರು ಕಿತ್ತ ಜಾಗದಲ್ಲಿ ಅಂಟಿನ ಗುರುತು ಹಾಗೇ ಇದೆ. ಅಧ್ಯಕ್ಷರು ಟೈರ್ ವ್ಯಾಪಾರಿ. ಕೈ ಕುಲುಕಿ, "ಬೋರ್ಡು ಆಮೇಲೆ ಮಾಡಿಸೋಣ, ನೋಡಿಕೊಂಡು" ಎಂದರು. ನನಗೊಬ್ಬ ಸಹಾಯಕ ಕೋಚು ಕೊಟ್ಟಿದ್ದಾರೆ. ಏನು ಹೇಳಿದರೂ ತಲೆಯಾಡಿಸುತ್ತಾನೆ. ಕಿಟಕಿ ಮುಚ್ಚು ಎಂದೆ, ತಲೆಯಾಡಿಸಿದ. ಬೇಡ ತೆರೆ ಎಂದೆ, ಅದಕ್ಕೂ ಆಡಿಸಿದ. ತಲೆಯಾಡಿಸಣ್ಣ ಎಂದು ಹೆಸರಿಟ್ಟಿದ್ದೇನೆ. ಇಂಥವನೇ ಬೇಕು ನನಗೆ.

ಮಾರ್ಚ್ 9, ಭಾನುವಾರ

ನಿನ್ನೆ ಮೊದಲ ಮ್ಯಾಚು. ಸೊನ್ನೆ-ಎರಡರಲ್ಲಿ ಸೋತರು.

ಎಲ್ಲರಿಗಿಂತ ಮೈ ಉರಿಸಿದವನು ಐದನೇ ನಂಬರಿನವನು. ಗೋಲಿನ ಮುಂದೆ ಕಾವಲು ನಿಲ್ಲುವ ಡಿಫೆಂಡರು. ಮೂವತ್ತಾರು ವಯಸ್ಸು, ಹದಿಮೂರು ವರ್ಷದಿಂದ ಇದೇ ಕ್ಲಬ್ಬು. ತೊಂಬತ್ತು ನಿಮಿಷ ಮಳೆಯಲ್ಲಿ ಆಡಿದರೂ ಒಮ್ಮೆಯೂ ಜಾರಲಿಲ್ಲ, ಬೀಳಲಿಲ್ಲ, ಮುಗ್ಗರಿಸಲಿಲ್ಲ. ಉಳಿದವರು ಗದ್ದೆಯಿಂದ ಎದ್ದು ಬಂದವರ ಹಾಗಿದ್ದರೆ ಇವನು ಮದುವೆಗೆ ಹೊರಟವನ ಹಾಗಿದ್ದ. ಇಸ್ತ್ರಿ ಎಂದು ಹೆಸರಿಟ್ಟೆ.

ಮಾರ್ಚ್ 12, ಬುಧವಾರ

ಒಗೆಯಲು ಕೊಟ್ಟ ನನ್ನ ಪ್ಯಾಂಟು ಮೊಣಕಾಲಿನ ಹತ್ತಿರಕ್ಕೆ ಬಂದಿದೆ. ಜಗಳವಾಡಲೆಂದು ಮೈದಾನದ ಹಿಂದಿನ ಬಟ್ಟೆ ಕೋಣೆಗೆ ಹೋದೆ. ಮೂರು ವಾಷಿಂಗ್ ಮೆಷಿನ್ನು, ಒಂದು ಕಲ್ಲಿನ ತೊಟ್ಟಿ, ಗೋಡೆಯುದ್ದಕ್ಕೂ ನಂಬರಿನ ಸಾಲಿನಲ್ಲಿ ಅಂಗಿಗಳು. ಐವತ್ತು ದಾಟಿದ ಹೆಂಗಸೊಬ್ಬಳು ಕಾಲರಿಗೆ ಸೋಪು ತಿಕ್ಕುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಪ್ಯಾಂಟ್ ತಾನೆ? ಬಿಸಿನೀರಿಗೆ ಹಾಕ್ಬೇಡಿ ಅಂತ ಅದರಲ್ಲೇ ಬರೆದಿದೆ. ನಾನು ಓದಲಿಲ್ಲ. ನನ್ನದೇ ತಪ್ಪು" ಎಂದುಬಿಟ್ಟಳು. ಜಗಳಕ್ಕೆ ಜಾಗವೇ ಉಳಿಯಲಿಲ್ಲ.

ಹೊರಡುವಾಗ, "ಕೋಚ್, ನಿಮ್ಮ ಹನ್ನೊಂದನೇ ನಂಬರ್ ಹುಡುಗನಿಗೆ ಎಡಗಾಲು ನೋಯ್ತಿದೆ" ಎಂದಳು.

"ಅವನು ಹೇಳಿದನಾ?"

"ಅವನು ಹೇಳಲ್ಲ. ಚಡ್ಡಿ ಹೇಳುತ್ತೆ. ಎರಡು ವಾರದಿಂದ ಹುಲ್ಲಿನ ಕಲೆ ಬರೀ ಬಲಗಡೆ. ಬಿದ್ದಾಗೆಲ್ಲ ಎಡಗಾಲು ಉಳಿಸ್ಕೊಂಡು ಬೀಳ್ತಿದ್ದಾನೆ."

ಬಟ್ಟೆ ಒಗೆಯುವವಳಿಂದ ಫುಟ್‌ಬಾಲ್ ಕಲಿಯುವ ಗತಿ ನನಗಿನ್ನೂ ಬಂದಿಲ್ಲ ಎಂದುಕೊಂಡು ಬಂದೆ. ಆದರೂ ಡಾಕ್ಟರಿಗೆ ತೋರಿಸಿದೆ. ಎಡ ಪಾದದಲ್ಲಿ ಸಣ್ಣ ಬಿರುಕು.

ಮಾರ್ಚ್ 16, ಭಾನುವಾರ

ಒಂದು-ಸೊನ್ನೆಯಲ್ಲಿ ಗೆದ್ದೆ! ಹನ್ನೊಂದನೇ ನಂಬರಿನವನನ್ನು ಕೂರಿಸಿ ಬೇರೆಯವನನ್ನು ಆಡಿಸಿದೆ. ಅವನೇ ಗೋಲು ಹೊಡೆದ. ಅಧ್ಯಕ್ಷರು ಅಪ್ಪಿಕೊಂಡರು. ಹೆಂಡತಿಗೆ ಫೋನ್ ಮಾಡಿದೆ.

"ಕಾಲುನೋವು ಹೇಗೆ ಗೊತ್ತಾಯ್ತು ನಿಮಗೆ?" ಎಂದಳು.

"ಅನುಭವ" ಎಂದೆ.

"ಊಟ ಆಯ್ತಾ ಅಂತ ಕೇಳೋದು ಮರೆತ್ರಿ."

ಮಾರ್ಚ್ 18, ಮಂಗಳವಾರ

ಅದ್ಭುತವಾದ ಉಪಾಯ ಹೊಳೆದಿದೆ. ಮಧ್ಯಾಹ್ನ ಬಟ್ಟೆ ಕೋಣೆಯ ಹೆಂಗಸು ಊಟಕ್ಕೆ ಹೋದಾಗ ಒಳಗೆ ಹೋಗಿ, ಒಗೆಯದ ಅಂಗಿ ಚಡ್ಡಿಗಳನ್ನೆಲ್ಲ ನೆಲಕ್ಕೆ ಹರಡಿ ನೋಡಿದೆ. ಯಾರ ಬಟ್ಟೆ ಎಷ್ಟು ಕೊಳೆಯಾಗಿದೆಯೋ ಅವನು ಅಷ್ಟು ದುಡಿದಿದ್ದಾನೆ. ಎಷ್ಟು ಸರಳ! ಪ್ರತಿಯೊಬ್ಬನಿಗೂ ಹತ್ತಕ್ಕೆ ಇಂತಿಷ್ಟು ಎಂದು ಕೊಳೆ ಅಂಕ ಕೊಟ್ಟು ಪಟ್ಟಿ ಮಾಡಿದೆ. ಗೋಲ್‌ಕೀಪರನಿಗೆ ಒಂಬತ್ತು, ಎರಡನೇ ನಂಬರಿನವನಿಗೆ ಎಂಟು. ಇಸ್ತ್ರಿಗೆ ಸೊನ್ನೆ. ಕನಿಕರದಿಂದ ಅರ್ಧ ಕೊಡೋಣವೆಂದರೆ ಅರ್ಧಕ್ಕೂ ಕಲೆ ಸಿಗಲಿಲ್ಲ.

ನಾನು ಆಡುತ್ತಿದ್ದಾಗ ನನ್ನ ಅಂಗಿಯ ಬಣ್ಣ ಯಾವುದೆಂದು ಎರಡನೇ ಅರ್ಧದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಜಾರಿ ಜಾರಿ ಚೆಂಡು ಕಿತ್ತು ಎರಡು ಮೊಣಕಾಲೂ ಕಳೆದುಕೊಂಡೆ. ಜನ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಆಟವೆಂದರೆ ಅದು.

ತಲೆಯಾಡಿಸಣ್ಣನಿಗೆ ಪಟ್ಟಿ ತೋರಿಸಿದೆ. ಈ ಸಲ ಸ್ವಲ್ಪ ನಿಧಾನವಾಗಿ ಆಡಿಸಿದ. ಕುತ್ತಿಗೆ ಉಳುಕಿರಬೇಕು.

ಮಾರ್ಚ್ 20, ಗುರುವಾರ

ಡ್ರೆಸ್ಸಿಂಗ್ ರೂಮಿನ ಗೋಡೆಗೆ ಪಟ್ಟಿ ಅಂಟಿಸಿದೆ. ಐದನೇ ನಂಬರಿನ ಅಂಗಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ಇದನ್ನ ಒಗೆಯೋದೇ ಬೇಡ. ಹಾಗೇ ಮಡಚಿ ಅಂಗಡಿಗೆ ವಾಪಸ್ ಕೊಡಬಹುದು" ಎಂದೆ.

ನಗುತ್ತಾರೆಂದುಕೊಂಡಿದ್ದೆ. ಯಾರೂ ನಗಲಿಲ್ಲ. ಇಸ್ತ್ರಿ ಎದ್ದು ಬಂದು ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಂಚಿನ ಮೇಲಿಟ್ಟು, ಮಡಚಿ, ಹೊರಗೆ ಹೋದ. ಮಡಚುವುದರಲ್ಲೂ ಅವಸರವಿಲ್ಲ ಮನುಷ್ಯನಿಗೆ.

ಶನಿವಾರ ಅವನಿಲ್ಲ. ಅವನ ಜಾಗಕ್ಕೆ ಚುರುಕಾದ ಹುಡುಗನೊಬ್ಬನನ್ನು ಹಾಕಿದ್ದೇನೆ. ಅಭ್ಯಾಸದಲ್ಲೇ ಅವನ ಕೊಳೆ ಅಂಕ ಹತ್ತು.

ಮಾರ್ಚ್ 23, ಭಾನುವಾರ

ಸೊನ್ನೆ-ನಾಲ್ಕು. ಸೋತರು. ಪತ್ರಕರ್ತರು ಕೇಳಿದ್ದಕ್ಕೆ ಎರಡನೇ ನಂಬರಿನವನದು, ಮೂರನೇ ನಂಬರಿನವನದು, ಗೋಲ್‌ಕೀಪರನದು ಎಂದು ತಪ್ಪುಗಳನ್ನು ಬಿಡಿಸಿ ಹೇಳಿದೆ. ಕೋಚಾದವನು ನೇರವಾಗಿರಬೇಕು.

ಮಾರ್ಚ್ 30, ಭಾನುವಾರ

ಒಂದು-ಮೂರು. ಮತ್ತೆ ಸೋತರು.

ತಂಡದ ಸರಾಸರಿ ಕೊಳೆ ಅಂಕ ಎಂಟೂವರೆ! ಬೆನ್ನು, ಎದೆ, ತೋಳು, ಎಲ್ಲಿ ನೋಡಿದರೂ ಮಣ್ಣು. ಇಷ್ಟು ದುಡಿದವರು ಹೇಗೆ ಸೋತರು? ನನಗೆ ತಲೆ ಬುಡ ಅರ್ಥವಾಗುತ್ತಿಲ್ಲ. ಹದಿನಾಲ್ಕು ತಂಡಗಳಲ್ಲಿ ಕಟ್ಟಕಡೆಗೆ ಬಂದಿದ್ದೇವೆ. ಬಾಗಿಲಿನ ಬೋರ್ಡಿನ ಮಾತನ್ನು ಅಧ್ಯಕ್ಷರು ಎತ್ತುತ್ತಲೇ ಇಲ್ಲ.

ಏಪ್ರಿಲ್ 1, ಮಂಗಳವಾರ

ಇವತ್ತು ನನ್ನ ನೀರಿಳಿಸಿದರು. ಹೇಗೆ ನಡೆಯಿತೋ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಬಟ್ಟೆ ಕೋಣೆಯಾಕೆ ಬಾಗಿಲನ್ನೂ ತಟ್ಟದೆ ಒಳಗೆ ಬಂದು, ಹೊತ್ತು ತಂದ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಕವುಚಿದರು. ಶನಿವಾರದ ಅಂಗಿಗಳು. ಮೇಜೆಲ್ಲ ಮಣ್ಣು.

"ಇದು ಆಟದ ಮಣ್ಣಲ್ಲ ಕೋಚ್. ಮುಟ್ಟಿ ನೋಡಿ. ಮೈದಾನದ ಮಣ್ಣು ಕಪ್ಪು, ಮರಳು ಮರಳು. ಇದು ಕೆಂಪು, ಜಿಗುಟು. ನಲ್ಲಿ ಪಕ್ಕದ ಕೆಸರು. ಆಟ ಮುಗಿದ ಮೇಲೆ ನಿಮ್ಮ ವೀರರೆಲ್ಲ ಸಾಲಾಗಿ ಹೋಗಿ ಅಲ್ಲಿ ಹೊರಳಾಡಿ ಬರ್ತಿದ್ದಾರೆ. ಅಂಕ ಬೇಕಲ್ಲ!"

ಹನ್ನೊಂದು ಜನ ದೊಡ್ಡ ಗಂಡಸರು, ಅದರಲ್ಲಿ ನಾಲ್ವರು ಮಕ್ಕಳೊಂದಿಗರು, ನನಗೆ ಹೆದರಿ ಕೆಸರಿನಲ್ಲಿ ಹೊರಳಾಡಿದ್ದಾರೆ.

ಆಮೇಲೆ ಒಗೆಯದ ಇನ್ನೊಂದು ಅಂಗಿ ತೆಗೆದು ನನ್ನ ಮುಖದ ಹತ್ತಿರ ಹಿಡಿದರು. ಅದು ಇಸ್ತ್ರಿಯದು; ಈಗ ಅವನು ಬೆಳಿಗ್ಗೆ ಒಬ್ಬನೇ ಬಂದು ಮೈದಾನದಲ್ಲಿ ಓಡಿ, ಅಂಗಿ ಒಗೆಯಲು ಬಿಟ್ಟು ಹೋಗುತ್ತಾನಂತೆ. ಬೆನ್ನಿನ ಮೇಲೆ ಅಡ್ಡಡ್ಡವಾಗಿ ಬಿಳಿ ಗೆರೆಗಳು.

"ಇದೇನು ಹೇಳಿ."

"ಸೋಪು?"

"ಉಪ್ಪು. ಬೆವರು ಒಣಗಿದ ಉಪ್ಪು. ಹದಿಮೂರು ವರ್ಷದಿಂದ ಈ ಅಂಗಿ ಒಗೀತಿದ್ದೀನಿ. ಇಡೀ ತಂಡದಲ್ಲಿ ಎರಡು ಸಲ ನೆನೆಹಾಕಬೇಕಾದ ಅಂಗಿ ಇದೊಂದೇ. ಅವನು ಓಡೋದು ಚೆಂಡು ಬರೋಕೆ ಮುಂಚೆ. ಮುಂಚೆನೇ ಬಂದು ನಿಂತವನು ಯಾಕೆ ಜಾರಬೇಕು? ಜಾರೋದು ತಡವಾಗಿ ಬಂದವನು."

ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. "ನಾನು ಬಂದ ಮೇಲೆ ಒಂಬತ್ತು ಕೋಚ್ ಬಂದು ಹೋದ್ರು. ಬಟ್ಟೆ ನೋಡಬೇಕು ಅಂತ ನನ್ನ ಕೋಣೆಗೆ ಬಂದಿದ್ದು ನೀವೊಬ್ಬರೇ. ಅದೂ ಕದ್ದು."

ಆಕೆ ಹೋದ ಮೇಲೆ ಮೇಜಿನ ಮಣ್ಣನ್ನು ನಾನೇ ಒರೆಸಿದೆ. ಜಾರುವವನು ತಡವಾಗಿ ಬಂದವನು. ಹಾಗಾದರೆ ಹದಿನೈದು ವರ್ಷ ನಾನು ಮಾಡಿದ್ದೇನು? ಪ್ರತಿ ಸಲವೂ ತಡವಾಗಿ ಬಂದೆ. ಜನ ಚಪ್ಪಾಳೆ ತಟ್ಟಿದ್ದು ಅದಕ್ಕೆ. ನಾಚಿಕೆಯಾಯಿತು. ನಾಚಿಕೆಯೆಂದೇ ಬರೆಯುತ್ತೇನೆ, ಇಲ್ಲಿ ಯಾರು ನೋಡುತ್ತಾರೆ.

ಏಪ್ರಿಲ್ 3, ಗುರುವಾರ

ಕ್ಷಮೆ ಕೇಳುವುದು ಹೇಗೆಂದು ಹೆಂಡತಿಯನ್ನು ಕೇಳಿದೆ. ನಗು ನಿಲ್ಲಿಸಲು ಆಕೆಗೆ ಬಹಳ ಹೊತ್ತು ಬೇಕಾಯಿತು. "ಇಪ್ಪತ್ತೆರಡು ವರ್ಷದಲ್ಲಿ ನಂಗೂ ಒಂದು ಸಲ ನೋಡೋ ಭಾಗ್ಯ ಸಿಗಲಿಲ್ಲ. ಸುಮ್ನೆ ಹೋಗಿ, ತಪ್ಪಾಯ್ತು ಅಂತ ಹೇಳಿ, ಬಾಯಿ ಮುಚ್ಕೊಳ್ಳಿ. ಮುಚ್ಕೊಳ್ಳೋದೇ ಮುಖ್ಯ."

ಇಸ್ತ್ರಿಯ ಮನೆ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು. ನನ್ನ ಮೊಣಕಾಲುಗಳು ಮೆಟ್ಟಿಲು ಮೆಟ್ಟಿಲಿಗೂ ನನಗೆ ಬುದ್ಧಿ ಹೇಳಿದವು. ಅವನು ವರಾಂಡದಲ್ಲಿ ಮಗಳ ಸೈಕಲ್ಲಿನ ಚೈನು ಹಾಕುತ್ತಿದ್ದ. ನಾನು ಕುಳಿತು, ಎದುರಾಳಿಗಳ ಆಟದ ರೀತಿ, ನಮ್ಮ ರಕ್ಷಣೆಯ ಕೊರತೆ, ಹವಾಮಾನ, ಎಲ್ಲದರ ಬಗ್ಗೆ ಕಾಲು ಗಂಟೆ ಮಾತಾಡಿದೆ.

ಅವನು ಕೈ ಒರೆಸಿಕೊಂಡು, "ಸರ್, ನೀವು ಹೇಳೋಕೆ ಬಂದಿದ್ದು ಇನ್ನೂ ದಾರೀಲೇ ಇದೆ ಅನ್ಸುತ್ತೆ" ಎಂದ.

"ತಪ್ಪಾಯ್ತು" ಎಂದೆ. ಬಾಯಿ ಮುಚ್ಚಿಕೊಂಡೆ. ಬಹಳ ಕಷ್ಟವಾಯಿತು.

ಅವನು ಚೈನನ್ನು ಒಂದು ಸುತ್ತು ತಿರುಗಿಸಿ ನೋಡಿದ. "ಇಲ್ಲಿ ನನಗೊಬ್ಬನಿಗೆ ಹೇಳಿದ್ರೆ ಆಗಲ್ಲ. ಅಂಗಿ ಎತ್ತಿ ಹಿಡಿದಿದ್ದು ಎಲ್ಲರ ಮುಂದೆ."

ಏಪ್ರಿಲ್ 4, ಶುಕ್ರವಾರ

ಎಲ್ಲರ ಮುಂದೆ ಹೇಳಿದೆ. ಕೊಳೆ ಅಂಕದ ಪಟ್ಟಿಯನ್ನು ನಾನೇ ಹರಿದೆ. ಅರ್ಧ ಹರಿಯಿತು, ಉಳಿದರ್ಧ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆಯುತ್ತಾ ನಿಂತೆ. ಮೊದಲು ನಕ್ಕವನು ಗೋಲ್‌ಕೀಪರು. ಆಮೇಲೆ ಎಲ್ಲರೂ ನಕ್ಕರು. ನಾನೂ.

ಹೊರಗೆ ಬಂದ ಮೇಲೆ ತಲೆಯಾಡಿಸಣ್ಣ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದ. "ಸರ್, ಆ ಪಟ್ಟಿ ಬೇಡ ಅಂತ ನನಗೆ ಅವತ್ತೇ ಅನ್ಸಿತ್ತು."

"ಯಾಕಯ್ಯಾ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಏಪ್ರಿಲ್ 6, ಭಾನುವಾರ

ಒಂದು-ಒಂದು. ಡ್ರಾ. ಇಸ್ತ್ರಿ ಆಡಿದ. ಈ ಸಲ ಚೆಂಡು ಬಿಟ್ಟು ಅವನನ್ನೇ ನೋಡುತ್ತಿದ್ದೆ. ಚೆಂಡು ಇನ್ನೂ ಆ ಕಡೆ ಇರುವಾಗಲೇ ಎರಡು ಹೆಜ್ಜೆ ಎಡಕ್ಕೆ, ನಾಲ್ಕು ಹೆಜ್ಜೆ ಹಿಂದಕ್ಕೆ, ಪಕ್ಕದವನಿಗೊಂದು ಕೈಸನ್ನೆ. ತೊಂಬತ್ತು ನಿಮಿಷವೂ ಹೀಗೇ. ಇಷ್ಟು ದಿನ ನಾನು ಕಣ್ಣು ಎಲ್ಲಿಟ್ಟಿದ್ದೆ?

ಏಪ್ರಿಲ್ 13, ಭಾನುವಾರ

ಎರಡು-ಒಂದು! ಗೆದ್ದೆವು. ಬಟ್ಟೆ ಕೋಣೆಯ ಅಕ್ಕ ಹೇಳಿದ್ದಕ್ಕೆ ಆರನೇ ನಂಬರಿನವನಿಗೆ ಎರಡು ದಿನ ರಜೆ ಕೊಟ್ಟಿದ್ದೆ. ಅವನ ಅಂಗಿಯಲ್ಲಿ ಉಪ್ಪು ಕಡಿಮೆಯಾಗಿತ್ತಂತೆ. ಓಡಲು ಮನಸ್ಸಿಲ್ಲ, ಮನೆಯಲ್ಲೇನೋ ನಡೆದಿದೆ ಎಂದರು. ಕೇಳಿದರೆ ನಿಜ, ತಾಯಿಗೆ ಆಪರೇಷನ್ನು. ಹೋಗಿ ನೋಡಿಕೊಂಡು ಬಂದವನೇ ಗೋಲು ಹೊಡೆದ. ಈ ಸಲ ಅಧ್ಯಕ್ಷರಿಗೆ, ಪತ್ರಕರ್ತರಿಗೆ, ಹೆಂಡತಿಗೆ, ಎಲ್ಲರಿಗೂ ಅಕ್ಕನ ಹೆಸರನ್ನೇ ಹೇಳಿದೆ. ಅಕ್ಕನಿಗೆ ಸಿಟ್ಟು ಬಂತು. "ಈಗ ಯಾವನೂ ನನಗೆ ಕೊಳೆ ಬಟ್ಟೆ ಕೊಡೋದೇ ಇಲ್ಲ, ಮನೇಲೇ ಒಕ್ಕೊಂಡು ಬರ್ತಾರೆ, ನೋಡ್ತಿರಿ" ಎಂದರು.

ಏಪ್ರಿಲ್ 20, ಭಾನುವಾರ

ಮತ್ತೆ ಗೆದ್ದೆವು, ಒಂದು-ಸೊನ್ನೆ. ಹನ್ನೆರಡನೆಯ ಜಾಗಕ್ಕೆ ಏರಿದ್ದೇವೆ. ಶನಿವಾರ ಕೊನೆಯ ಮ್ಯಾಚು. ಡ್ರಾ ಆದರೂ ಸಾಕು, ಉಳಿಯುತ್ತೇವೆ. ಊಟವೇ ಮರೆತುಹೋಗುತ್ತಿದೆ. "ನಿಮ್ಮದು ಊಟ ಆಯ್ತಾ?" ಎಂದು ಈಗ ಹೆಂಡತಿಯೇ ಕೇಳುತ್ತಾಳೆ.

ಏಪ್ರಿಲ್ 27, ಭಾನುವಾರ

ಸೋತೆವು.

ಎಂಬತ್ತೆಂಟನೆಯ ನಿಮಿಷದವರೆಗೂ ಸೊನ್ನೆ-ಸೊನ್ನೆ. ಅವರವನೊಬ್ಬ ಗೋಲಿನ ಹತ್ತಿರದಿಂದ ಬೀಸಿ ಒದ್ದ. ಚೆಂಡು ಬರುವ ದಾರಿಯಲ್ಲಿ ಇಸ್ತ್ರಿ ಆಗಲೇ ನಿಂತಿದ್ದ. ಎದೆಗೆ ಬಡಿದು ಕೈಗೆ ತಗುಲಿತು. ರೆಫರಿ ಪೆನಾಲ್ಟಿ ಕೊಟ್ಟ. ಗೋಲು. ನಮ್ಮ ಕೆಳಗಿದ್ದ ತಂಡ ಗೆದ್ದು ಪಾಯಿಂಟಿನಲ್ಲಿ ನಮ್ಮ ಸಮಕ್ಕೆ ಬಂತು. ಹೊಡೆದ ಗೋಲು, ಬಿಟ್ಟ ಗೋಲುಗಳನ್ನು ಕೂಡಿ ಕಳೆದು ನಮ್ಮನ್ನು ಇಳಿಸಿದರು.

ಅಧ್ಯಕ್ಷರು ಕಾರಿಡಾರಿನಲ್ಲೇ ತಡೆದು ಲಕೋಟೆ ಕೊಟ್ಟರು. ಕರಾರು ಮುಗಿದ ಪತ್ರ. ಮೊದಲೇ ಟೈಪು ಮಾಡಿಸಿಟ್ಟಿದ್ದರು. ಜೇಬಿಗೆ ಹಾಕಿಕೊಂಡು ಪತ್ರಕರ್ತರ ಮುಂದೆ ಹೋಗಿ ಕುಳಿತೆ. ಮೊದಲ ಪ್ರಶ್ನೆಯೇ ಬಂತು: "ಐದನೇ ನಂಬರಿನವರ ಕೈ ತಗಲದಿದ್ದರೆ ನೀವು ಉಳೀತಿದ್ರಿ, ಅಲ್ವಾ?"

ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ. ಮಾತು ತಾನಾಗಿ ಬಂತು. "ಅವನು ಅಲ್ಲಿ ಇಲ್ಲದಿದ್ರೆ ಆ ಚೆಂಡು ನೇರ ಗೋಲಿಗೆ ಹೋಗ್ತಿತ್ತು. ಮಾರ್ಚಿನಲ್ಲಿ ಎರಡು ಮ್ಯಾಚು ಅವನನ್ನ ಹೊರಗೆ ಕೂರಿಸಿದ್ದೆ. ಏಳು ಗೋಲು ಬಿಟ್ಟೆವು. ಆ ಎರಡರಲ್ಲಿ ಒಂದು ಡ್ರಾ ಆಗಿದ್ರೂ ಇವತ್ತು ನಾವು ಉಳೀತಿದ್ವಿ. ಅವನನ್ನ ಕೂರಿಸಿದ್ದು ನಾನು. ತಂಡ ಇಳಿದಿದ್ದು ಇವತ್ತಲ್ಲ, ಅವತ್ತು. ಬರ್ಕೊಳ್ಳಿ."

ಹೇಳುವಾಗಲೇ ನನಗೂ ಅದು ಮೊದಲ ಸಲ ಹೊಳೆದದ್ದು. ಈ ಊರಿನ ತಂಡವನ್ನು ಕೆಳಗಿಳಿಸಿದವನು ನಾನು.

ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಹೋಗಿದ್ದರು. ಇಸ್ತ್ರಿ ಒಬ್ಬನೇ ಬೂಟಿನ ದಾರ ಬಿಚ್ಚದೆ ಕುಳಿತಿದ್ದ. ಪಕ್ಕದಲ್ಲಿ ಕುಳಿತೆ. ಅವನ ಕಣ್ಣು ಕೆಂಪಾಗಿತ್ತು; ನನ್ನದೂ ಇದ್ದಿರಬೇಕು.

ಏಪ್ರಿಲ್ 30, ಬುಧವಾರ

ಹೆಂಡತಿ ಫೋನ್ ಮಾಡಿದಾಗ, ಜೂನ್ ಕೊನೆಗೆ ಅಭ್ಯಾಸ ಶುರು ಮಾಡಬೇಕು, ಹನ್ನೊಂದನೇ ನಂಬರಿನವನ ಕಾಲು ಅಷ್ಟರಲ್ಲಿ ಸರಿಹೋಗುತ್ತದೆ, ಆ ಚುರುಕು ಹುಡುಗನಿಗೆ ನಿಲ್ಲುವುದನ್ನು ಕಲಿಸಬೇಕು ಎಂದು ಹೇಳುತ್ತಲೇ ಹೋದೆ.

ಆಕೆ ಪೂರ್ತಿ ಕೇಳಿ, "ರೀ, ನಿಮ್ಮನ್ನ ಕೆಲಸದಿಂದ ತೆಗೆದಿದ್ದಾರೆ ಅಂತ ಮೊನ್ನೆ ನೀವೇ ಹೇಳಿದ್ರಲ್ವಾ?" ಎಂದಳು.

ಹೌದಲ್ಲ ಎಂದೆ.

ಮೇ 3, ಶನಿವಾರ

ಮೇಜು ಖಾಲಿ ಮಾಡಲು ಹೋಗಿದ್ದೆ. ಅಧ್ಯಕ್ಷರೂ ಇಸ್ತ್ರಿಯೂ ನನ್ನ ಕೋಣೆಯಲ್ಲೇ ಕುಳಿತಿದ್ದರು. ಅಧ್ಯಕ್ಷರು ಹನ್ನೊಂದು ಕೋಚುಗಳಿಗೆ ಫೋನ್ ಮಾಡಿದರಂತೆ. ಕೆಳಗಿನ ಡಿವಿಷನ್ ಎಂದ ಕೂಡಲೇ ಹನ್ನೊಂದು ಜನವೂ ಫೋನ್ ಇಟ್ಟರಂತೆ. ಕೊನೆಗೆ, ಆಟ ನಿಲ್ಲಿಸುತ್ತಿರುವ ಇಸ್ತ್ರಿಯನ್ನೇ ಕೋಚ್ ಮಾಡಿದ್ದಾರೆ.

"ಒಳ್ಳೇದು" ಎಂದೆ. ಹೊಟ್ಟೆಕಿಚ್ಚಿಗಾಗಿ ಸ್ವಲ್ಪ ಕಾದೆ. ಬರಲಿಲ್ಲ.

ಇಸ್ತ್ರಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. "ಸರ್, ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತು. ಅದನ್ನ ಹನ್ನೊಂದು ಜನಕ್ಕೆ ಬಾಯಿಬಿಟ್ಟು ಹೇಳೋಕೆ ಬರಲ್ಲ. ನಿಮಗೆ ಹೇಳೋಕೆ ಬರುತ್ತೆ..."

"ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲ."

"ಹಾಗೇ ಅಂತ ಅಲ್ಲ..."

"ಹಾಗೇ ಅಂತಾನೇ. ಮುಂದೆ ಹೇಳು."

"ನನಗೆ ಸಹಾಯಕರಾಗಿ ಇರ್ತೀರಾ?"

ಯೋಚಿಸಿ ಹೇಳುತ್ತೇನೆಂದೆ. ಕೂಡಲೇ ಒಪ್ಪಿಕೊಂಡರೆ ಬೆಲೆ ಇರುವುದಿಲ್ಲವಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಎರಡು ನಿಮಿಷ ನಿಂತು, ಒಳಗೆ ಬಂದು ಹ್ಞೂಂ ಎಂದೆ. ಈಗ ಸಹಾಯಕರು ಇಬ್ಬರು, ನಾನು ಮತ್ತು ತಲೆಯಾಡಿಸಣ್ಣ. ಅವನು ಹಿರಿಯ ಸಹಾಯಕ.

ಹೆಂಡತಿಗೆ ಫೋನ್ ಮಾಡಿದೆ. ಊಟ ಆಯ್ತಾ ಎಂದು ಕೇಳಿ, ಆಮೇಲೆ ವಿಷಯ ಹೇಳಿದೆ.

"ಸಹಾಯಕರಾ? ನೀವಾ? ನಿಮ್ಮ ಮೇಲೆ ಇನ್ನೊಬ್ಬರು ಕೂತು ಹೇಳಿದ್ರೆ ತಡ್ಕೋತೀರಾ?"

"ಇಪ್ಪತ್ತೆರಡು ವರ್ಷದಿಂದ ತಡ್ಕೊಂಡಿಲ್ವಾ?"

ಆಕೆ ನಗಲಿಲ್ಲ. "ರೀ, ಸೋತವರ ದನಿ ಹೀಗಿರುತ್ತಾ?" ಎಂದಳು.

"ಹೇಗಿದೆ?"

"ಹಗುರಾಗಿದೆ. ಗೆದ್ದಾಗಲೂ ನಿಮ್ಮ ದನಿ ಹೀಗಿರಲಿಲ್ಲ. ನಾನು ಕೇಳೇ ಇಲ್ಲ."

ಲೈನು ಸರಿ ಇರಲಿಲ್ಲವೆಂದು ಕಾಣುತ್ತದೆ. ನಾಳೆ ಇನ್ನೊಮ್ಮೆ ಮಾಡಬೇಕು.